ಲೋಕಪ್ರತಿನಿಧಿಗಳ ವ್ಯಾಜ್ಯವೂ ಊರಿನ ದ್ರವ್ಯವೂ

ಊರವರೆಲ್ಲರೂ ಕೂಡಿ ಒಬ್ಬನನ್ನು ಆರಿಸಿ ತಮ್ಮ ಕಾರ್ಯಕ್ಕೆ ನಿಲ್ಲಿಸುತ್ತಾರೆ. ಅವನು ಆ ಕಾರ್ಯವನ್ನು ಮಾಡುತ್ತಾನೆ. ಅದರಿಂದ ಅಸಮಾಧಾನಗೊಂಡ ಮತ್ತೊಬ್ಬನು ಅವನ ಹೆಸರನ್ನೇ ಹಿಡಿದು ನ್ಯಾಯಾಲಯದ ಮೆಟ್ಟಿಲನ್ನು ಹತ್ತುತ್ತಾನೆ. ಆಗ ವಕೀಲರ ಫೀಯನ್ನು ಕೊಡತಕ್ಕವರು ಯಾರು? ಅವನೆ, ಊರೆ? ಮೇಲೆ ಮೇಲೆ ನೋಡಿದರೆ ಇದು ಲೆಕ್ಕಪತ್ರದ ಒಂದು ಸಣ್ಣ ಪ್ರಶ್ನೆಯಂತೆ ತೋರುವದು. ಆದರೆ ಸ್ವಲ್ಪ ಒಳಹೊಕ್ಕು ವಿಚಾರಿಸಿದರೆ, ಋಣವು ಯಾರದು, ದಂಡವು ಯಾರದು, ಆರಿಸಿದವರಿಗೂ ಆರಿಸಿಬಂದವನಿಗೂ ಇರುವ ಸಂಬಂಧವು ಎಂಥದು ಎಂಬ ದೊಡ್ಡ ಧರ್ಮಪ್ರಶ್ನೆಗಳು ಇದರಲ್ಲಿ ಅಡಗಿಕೊಂಡಿರುವದು ಕಂಡುಬರುತ್ತದೆ. ಈ ವಿಷಯದಲ್ಲಿ ನನಗೆ ತೋಚಿದ ನಾಲ್ಕು ಮಾತುಗಳನ್ನು ಮಾನ್ಯ ವಾಚಕರ ಮುಂದೆ ಇಡುವೆನು. ಗುಣದೋಷಗಳನ್ನು ಆರಿಸತಕ್ಕವರು ಅವರು.

ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು 2017ರ ಘೋಷಣೆಯ ಮೇರೆಗೆ ಹೊಸ ತಾಲೂಕುಗಳಾದ ನಿಪ್ಪಾಣಿ, ಕಾಗವಾಡ ಈ ಐದು ತಾಲೂಕುಗಳ ಜನರಿಗೆ ಸ್ಥಾನಿಕ ಸ್ವರಾಜ್ಯವೂ ಹೊಸದಲ್ಲ, ಕೋರ್ಟಿನ ಕಟ್ಟೆಯೂ ಹೊಸದಲ್ಲ. ಮುಂಬಯಿ ಇಲಾಖೆಯ ಕಾಲದಿಂದಲೂ ಲೋಕಲ್ ಬೋರ್ಡು, ಮುನಸಿಪಾಲಿಟಿ ಎಂಬ ಶಬ್ದಗಳು ಇಲ್ಲಿಯವರ ಬಾಯಲ್ಲಿ ಆಡುತ್ತ ಬಂದಿವೆ. ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗವು 1949ರಲ್ಲಿ ಆ ಸಂಸ್ಥಾನದ ವಿಲೀನದೊಡನೆ ಮುಂಬಯಿ ಪ್ರಾಂತದ ಆಡಳಿತದೊಳಗೆ ಬಂದಿತು. ಆದರೆ ಹಿಂದಿನ ಕಾಲದ ಬೋರ್ಡುಗಳಲ್ಲಿ ಕುಳಿತವರು ಬಹುಮಟ್ಟಿಗೆ ದೇಸಾಯರು, ಇನಾಮದಾರರು, ವರ್ತಕರು, ವಕೀಲರು. ಖಟ್ಲೆಯ ಖರ್ಚು ಅವರಿಗೆ ಒಂದು ಭಾರವಾಗಿರಲಿಲ್ಲ. 1993ರ ಎಪ್ರಿಲ 24ರಿಂದ ಸಂವಿಧಾನದ 73ನೆಯ ತಿದ್ದುಪಡಿಯೂ, ಜೂನ 1ರಿಂದ 74ನೆಯ ತಿದ್ದುಪಡಿಯೂ ಜಾರಿಗೆ ಬಂದ ಬಳಿಕ ಈ ಸ್ಥಿತಿಯು ಬದಲಾಯಿತು. ಪರಿಶಿಷ್ಟ ಜಾತಿ ಪಂಗಡದವರಿಗೂ ಹಿಂದುಳಿದವರಿಗೂ ಸ್ಥಾನಗಳು ಕಾಯ್ದಿಡಲ್ಪಟ್ಟವು. 2010ರಲ್ಲಿ ಕರ್ನಾಟಕವು ಪಂಚಾಯತಿಗಳ ಅರ್ಧದಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟಿತು. ಕೂಲಿ ಮಾಡುವವಳು, ಚಪ್ಪಲಿ ಹೊಲಿಯುವವನು, ಎರಡೆಕರೆಯ ಒಕ್ಕಲಿಗನು ಅಧ್ಯಕ್ಷರ ಕುರ್ಚಿಯ ಮೇಲೆ ಕುಳಿತುಕೊಳ್ಳುವ ಕಾಲವು ಬಂದಿತು. ಕುರ್ಚಿಯು ಬಂದಿತು, ಕುರ್ಚಿಯೊಡನೆ ಬರುವ ನೋಟೀಸಿಗೆ ಉತ್ತರ ಕೊಡುವ ಶಕ್ತಿಯು ಮಾತ್ರ ಬರಲಿಲ್ಲ. ನಮ್ಮ ಪ್ರಶ್ನೆಯು ಹುಟ್ಟುವದು ಇಲ್ಲಿಯೇ.

ಒಂದು ಉದಾಹರಣೆಯನ್ನು ಭಾವಿಸಿಕೊಳ್ಳೋಣ. ಕೃಷ್ಣಾನದಿಯ ದಂಡೆಯ ಮೇಲೆ ಒಂದು ಹಳ್ಳಿ. ಅಲ್ಲಿಯ ಸ್ಮಶಾನದ ದಾರಿಯು ವರುಷ ವರುಷಕ್ಕೆ ಕಬ್ಬಿನ ಸಾಲುಗಳಿಂದ ಇರುಕಾಗುತ್ತ ಬಂದು, ಹೆಣ ಹೊತ್ತವರು ಓರೆಯಾಗಿ ನಡೆಯಬೇಕಾದಂತಾಗಿದೆ. ಗ್ರಾಮಸಭೆಯಲ್ಲಿ ಕೂಗಾಟವಾಗುತ್ತದೆ, ಅತಿಕ್ರಮಣವನ್ನು ತೆಗೆಯಬೇಕೆಂದು ಪಂಚಾಯತಿಯು ಠರಾವು ಮಾಡುತ್ತದೆ, ಮೋಜಣಿಯವರು ಬಂದು ಕಲ್ಲು ನೆಡುತ್ತಾರೆ, ಅಧ್ಯಕ್ಷೆಯು ಕಾಗದಕ್ಕೆ ಸಹಿ ಮಾಡುತ್ತಾಳೆ. ಹೊಲದ ಒಡೆಯನು ಪಂಚಾಯತಿಯ ಮೇಲೆ ಮಾತ್ರ ದಾವೆ ಹೂಡಿದರೆ ತೊಡಕಿಲ್ಲ. ಪಂಚಾಯತಿಯು ಕಾಯದೆಯ ದೃಷ್ಟಿಯಲ್ಲಿ ಒಂದು ನಿಗಮ. ತನ್ನ ಹೆಸರಿನಿಂದಲೇ ದಾವೆ ಹೂಡುವದಕ್ಕೂ ದಾವೆಗೆ ಉತ್ತರ ಕೊಡುವದಕ್ಕೂ ಅದಕ್ಕೆ ಅಧಿಕಾರವುಂಟು. ಅದರ ವಕೀಲರ ಖರ್ಚು ಅದರ ನಿಧಿಯಿಂದ ಹೋಗುವದು. ಆದರೆ ಜಾಣನಾದ ಒಡೆಯನು ಅಷ್ಟಕ್ಕೆ ನಿಲ್ಲುವದಿಲ್ಲ. ಅಧ್ಯಕ್ಷೆಯು ತನ್ನ ಬೆಳೆಯನ್ನು ಹಾಳುಮಾಡಿಸಿದಳು, ಬೆದರಿಕೆ ಹಾಕಿದಳು, ಹಣ ಕೇಳಿದಳು ಎಂದು ಆಕೆಯ ಸ್ವಂತ ಹೆಸರಿನ ಮೇಲೆ ಬೇರೊಂದು ಫಿರ್ಯಾದು ಕೊಡುತ್ತಾನೆ. ಅಧಿಕಾರದ ದುರುಪಯೋಗಕ್ಕಾಗಿ ಆಕೆಯನ್ನು ಸ್ಥಾನದಿಂದ ತೆಗೆಯಬೇಕೆಂದು ಮೇಲಿನವರಿಗೆ ಅರ್ಜಿ ಬರೆಯುತ್ತಾನೆ. ಮಾಡಿದ ಕಾರ್ಯವು ಊರಿನದು. ಖಟ್ಲೆಯು ಮಾತ್ರ ಆಕೆಯದು. ಠರಾವಿಗೆ ಕೈಯೆತ್ತಿದ ಹದಿನೈದು ಮಂದಿ ಸದಸ್ಯರು ಮನೆಯಲ್ಲಿರುತ್ತಾರೆ. ಸಹಿ ಮಾಡಿದ ಒಬ್ಬಳು ಚಿಕ್ಕೋಡಿಯ ಕೋರ್ಟಿಗೂ, ಬೆಳಗಾವಿಯ ಕಚೇರಿಗೂ, ಧಾರವಾಡದ ಉಚ್ಚ ನ್ಯಾಯಾಲಯಕ್ಕೂ ತಿರುಗುತ್ತಾಳೆ. ಧಾರವಾಡದಲ್ಲಿ 2008ರಲ್ಲಿ ಸಂಚಾರಿ ಪೀಠವೂ 2013ರಲ್ಲಿ ಕಾಯಂ ಪೀಠವೂ ಆದುದು ನಮ್ಮ ಭಾಗದವರ ಪುಣ್ಯವೆನ್ನಬೇಕು. ಅದಕ್ಕೆ ಮೊದಲು ಬೆಂಗಳೂರಿಗೆ 500 ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಸವೆಸಬೇಕಾಗುತ್ತಿತ್ತು.

ಇಂಥ ಪ್ರಸಂಗದಲ್ಲಿ ಧರ್ಮವೇನು ಹೇಳುತ್ತದೆ? ಇದು ಹೊಸ ಕಾಲದ ಪ್ರಶ್ನೆಯಾದುದರಿಂದ ಹಳೆಯ ಗ್ರಂಥಗಳಲ್ಲಿ ಉತ್ತರವು ಸಿಕ್ಕಲಾರದೆಂದು ಹಲವರು ತಿಳಿಯಬಹುದು. ಆದರೆ ಪ್ರಶ್ನೆಯ ಬೇರು ಹಳೆಯದೇ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಂವಿದ್ವ್ಯತಿಕ್ರಮವೆಂಬ ಒಂದು ಪ್ರಕರಣವಿದೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಅದಕ್ಕೆ ವ್ಯಾಖ್ಯಾನ ಮಾಡಿದ್ದಾನೆ. ಸಮೂಹದ ಕಾರ್ಯವನ್ನು ಚಿಂತಿಸತಕ್ಕವರು ಧರ್ಮವನ್ನು ಬಲ್ಲವರೂ ಶುಚಿಗಳೂ ಲೋಭವಿಲ್ಲದವರೂ ಆಗಿರಬೇಕು. ಸಮೂಹದ ಹಿತವನ್ನು ಹೇಳುವ ಅವರ ಮಾತನ್ನು ಉಳಿದವರು ನಡೆಯಿಸಬೇಕು. ಸಮೂಹದ ಕಾರ್ಯಕ್ಕಾಗಿ ಬಂದವರನ್ನು ಅರಸನು ಕಾರ್ಯ ಮುಗಿಸಿಕೊಟ್ಟು ದಾನಮಾನಗಳಿಂದ ಸತ್ಕರಿಸಿ ಕಳುಹಬೇಕು ಎಂಬದು ಅಲ್ಲಿಯ ಮತ. ಅದರ ಬೆನ್ನಿಗೇ ಮತ್ತೊಂದು ಕಟ್ಟಳೆಯೂ ಇದೆ. ಸಮೂಹದ ಕೆಲಸಕ್ಕೆ ಹೋದವನು ತನಗೆ ದೊರೆತುದನ್ನು ಸಮೂಹಕ್ಕೆ ತಂದೊಪ್ಪಿಸಬೇಕು; ತಾನಾಗಿ ಒಪ್ಪಿಸದಿದ್ದರೆ ಅವನಿಂದ ಹನ್ನೊಂದು ಪಟ್ಟು ವಸೂಲು ಮಾಡಬೇಕು. ಗಣದ ದ್ರವ್ಯವನ್ನು ಅಪಹರಿಸಿದವನಿಗಂತೂ ಸರ್ವಸ್ವಹರಣ ಮತ್ತು ದೇಶದಿಂದ ಹೊರಹಾಕುವ ಶಿಕ್ಷೆ. ಮನ್ನಣೆಯೂ ಕಠಿಣತೆಯೂ ಒಂದೇ ಪ್ರಕರಣದಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವದನ್ನು ವಾಚಕರು ಗಮನಿಸಬೇಕು.

ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಮಾತು ಕಾತ್ಯಾಯನನದು. ಗಣದ ಹೆಸರನ್ನು ಹೇಳಿ ಸಾಲ ತೆಗೆದು ಅದನ್ನು ತಾವೇ ತಿಂದವರು, ಅಥವಾ ತಮ್ಮ ಸ್ವಾರ್ಥಕ್ಕೆ ಬಳಸಿದವರು, ಆ ಸಾಲವನ್ನು ತಾವೇ ತೀರಿಸಬೇಕೆಂದು ಅವನು ಹೇಳುತ್ತಾನೆ. ಇದರಿಂದ ನಿಷ್ಪನ್ನವಾಗುವ ಅರ್ಥವೇನು? ಗಣಕ್ಕಾಗಿಯೇ ಮಾಡಿದ ಸಾಲವು ಗಣದ್ದು. ಸಾಲದ ಕಾಗದದ ಮೇಲೆ ಯಾರ ಹೆಸರಿದೆ ಎಂಬದು ಮುಖ್ಯವಲ್ಲ. ಸಾಲವು ಯಾತಕ್ಕಾಗಿ ಆಯಿತೆಂಬದು ಮುಖ್ಯ. ಕುಟುಂಬದ ವಿಷಯದಲ್ಲಿಯೂ ಇದೇ ನ್ಯಾಯ. ಅವಿಭಕ್ತರಾಗಿದ್ದವರಲ್ಲಿ ಒಬ್ಬನು ಕುಟುಂಬದ ಸಲುವಾಗಿ ಮಾಡಿದ ಋಣವನ್ನು ಉಳಿದವರು ಸಲ್ಲಿಸಬೇಕು. ಆದರೆ ಕುಡಿತ ಜೂಜುಗಳ ಸಾಲವನ್ನೂ, ತಂದೆಯು ಕೊಡದೆ ಉಳಿಸಿಹೋದ ದಂಡವನ್ನೂ ಮಗನು ಹೊರಬೇಕಾಗಿಲ್ಲ. ಮನೆಯ ಖರ್ಚನ್ನು ಮನೆಯವರೆಲ್ಲರೂ ಹಂಚಿಕೊಳ್ಳಬಹುದು, ತಪ್ಪಿಗೆ ಬಿದ್ದ ದಂಡವನ್ನು ಹಂಚಿಕೊಳ್ಳಬಾರದು ಎಂಬ ಈ ಸೂಕ್ಷ್ಮವಾದ ಗೆರೆಯನ್ನು ನಮ್ಮ ಹಿರಿಯರು ಎಷ್ಟೋ ಹಿಂದೆ ಎಳೆದಿಟ್ಟಿದ್ದಾರೆ. ಇಂದಿನ ಪ್ರಶ್ನೆಗೂ ಅದೇ ಗೆರೆಯು ಸಾಕೆಂದು ನನ್ನ ಅಭಿಪ್ರಾಯ. ಊರಿಗಾಗಿ ಮಾಡಿದ ಕಾರ್ಯದಿಂದ ಬಂದ ವ್ಯಾಜ್ಯದ ಖರ್ಚು ಊರಿನ ಋಣ. ಆ ವ್ಯಾಜ್ಯದಲ್ಲಿ ಸ್ವಂತ ದುಷ್ಟತನವು ತೇಲಿಬಂದರೆ ಬೀಳುವ ದಂಡವು ಅವನೊಬ್ಬನದು. ಆಗ ಊರು ಕೊಟ್ಟ ಖರ್ಚೂ ಅವನ ತಲೆಗೆ ಮರಳತಕ್ಕದ್ದು.

ಆಧುನಿಕ ರಾಜ್ಯಗಳೂ ತಿರುಗಿ ತಿರುಗಿ ಇದೇ ಗೆರೆಗೆ ಬಂದು ನಿಂತಿರುವವು. ಕೇಂದ್ರ ಸರಕಾರವು 1959ರ ಜನವರಿಯಲ್ಲಿ ತನ್ನ ನೌಕರರ ಸಲುವಾಗಿ ಒಂದು ಆಜ್ಞೆಯನ್ನು ಹೊರಡಿಸಿತು. ಸರಕಾರವೇ ನೌಕರನ ಮೇಲೆ ಹೂಡಿದ ಖಟ್ಲೆಗೆ ಸಹಾಯವಿಲ್ಲ. ನೌಕರಿಗೆ ಸಂಬಂಧಪಡದ ಖಟ್ಲೆಗೂ ಇಲ್ಲ. ನೌಕರಿಯ ಕಾರ್ಯದಿಂದ ಹುಟ್ಟಿದ ಖಟ್ಲೆಯಲ್ಲಿ ಮಾತ್ರ ಸರಕಾರವು ಅವನ ಪಕ್ಷವನ್ನು ತಾನೇ ವಹಿಸಬಹುದು, ಇಲ್ಲವೆ ತೀರ್ಪು ಅವನಂತೆ ಆದ ಬಳಿಕ ಯೋಗ್ಯವಾದ ಖರ್ಚನ್ನು ತುಂಬಿಕೊಡಬಹುದು. ಇಂಗ್ಲಂಡದಲ್ಲಿ ಸ್ಥಾನಿಕ ಸಂಸ್ಥೆಗಳ ಸದಸ್ಯರಿಗೂ ಅಧಿಕಾರಿಗಳಿಗೂ ಇಂಥ ರಕ್ಷಣೆ ಕೊಡುವ ನಿಯಮವು 2004ರಲ್ಲಿ ಆಯಿತು. ಅಲ್ಲಿ ಫೌಜದಾರಿ ಖಟ್ಲೆಯಲ್ಲಿ ಅಪರಾಧವು ಸಿದ್ಧವಾದರೆ ಪಡೆದ ಹಣವನ್ನು ಮರಳಿಸಬೇಕು. ತನ್ನ ಮೇಲೆ ಹೂಡಿದ ಮಾನನಷ್ಟದ ದಾವೆಗೆ ಉತ್ತರ ಕೊಡುವದಕ್ಕೆ ಸಹಾಯವುಂಟು. ತಾನೇ ಇನ್ನೊಬ್ಬರ ಮೇಲೆ ಮಾನನಷ್ಟದ ದಾವೆ ಹೂಡುವದಕ್ಕೆ ಸಹಾಯವಿಲ್ಲ. ವೇಲ್ಸ್ ಪ್ರಾಂತದ ಕಾರ್ಮಾರ್ಥೆನ್‌ಶೈರ್ ಕೌನ್ಸಿಲು ತನ್ನ ಮುಖ್ಯಾಧಿಕಾರಿಯ ಮಾನನಷ್ಟದ ಪ್ರತಿದಾವೆಗೆ ಸಾರ್ವಜನಿಕ ಹಣವನ್ನು ಕೊಟ್ಟುದು ಕಾಯದೆಗೆ ವಿರುದ್ಧವೆಂದು ಅಲ್ಲಿಯ ಲೆಕ್ಕ ತಪಾಸಣಾಧಿಕಾರಿಯು 2014ರಲ್ಲಿ ಹೇಳಿದನು. ಗುರಾಣಿಯನ್ನು ಊರು ಕೊಡಬಹುದು, ಕತ್ತಿಯನ್ನು ಕೊಡಬಾರದು ಎಂಬದು ಇದರ ತಾತ್ಪರ್ಯ. ದಂಡವು ವ್ಯಕ್ತಿಯದೆಂಬ ಮಾತನ್ನಂತೂ ನಮ್ಮ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಖಟ್ಲೆಯಲ್ಲಿ ಸ್ಪಷ್ಟಪಡಿಸಿದೆ. ಅಧಿಕಾರಿಗಳು ಕೊಟ್ಟ ಕಿರುಕುಳದ ಪರಿಹಾರವನ್ನು ಸಂಸ್ಥೆಯು ಮೊದಲು ಸಲ್ಲಿಸಿದರೂ, ಅದನ್ನು ಕಾರಣರಾದವರಿಂದ ವಸೂಲು ಮಾಡಬೇಕೆಂದು ಅದು ಆಜ್ಞಾಪಿಸಿತು.

ಇನ್ನು ಪೂರ್ವಪಕ್ಷವನ್ನು ವಿಚಾರಿಸೋಣ. ಈ ಮತಕ್ಕೆ ಎದುರಾಗಿ ಹೇಳತಕ್ಕ ಮಾತುಗಳು ಹಗುರವಾದವುಗಳಲ್ಲ.

ಮೊದಲನೆಯ ಆಕ್ಷೇಪವು ಇದು: ಇವರನ್ನು ಯಾರೂ ಕೈಹಿಡಿದು ಎಳೆದು ತಂದಿಲ್ಲ. ತಾವೇ ಮನೆಮನೆ ತಿರುಗಿ, ಕೈಮುಗಿದು, ಮತ ಬೇಡಿ ಬಂದಿದ್ದಾರೆ. ಬಂದ ಬಳಿಕ ಸುಖವು ತಮಗೆ, ಕಷ್ಟವು ಊರಿಗೆ ಎಂದರೆ ಹೇಗೆ? ಇದಕ್ಕೆ ಉತ್ತರವೇನೆಂದರೆ, ಸೈನಿಕನೂ ತಾನಾಗಿಯೇ ಸೇರುತ್ತಾನೆ. ಆದರೂ ಅವನ ಗಾಯಕ್ಕೆ ಔಷಧವನ್ನು ರಾಜ್ಯವೇ ಕೊಡುತ್ತದೆ. ಒಪ್ಪಿ ಬಂದವನು ಕಾರ್ಯದ ಶ್ರಮವನ್ನು ಒಪ್ಪಿರುತ್ತಾನೆ. ಕಾರ್ಯದ ಸಲುವಾಗಿ ಮನೆ ಮಾರುವದನ್ನು ಒಪ್ಪಿರುವದಿಲ್ಲ. ಒಪ್ಪಲಿ ಎಂದು ನಾವು ಕೇಳಿದರೆ, ಒಪ್ಪುವವರು ಎರಡೇ ವಿಧದವರು: ಮಾರಿದರೂ ಮುಗಿಯದಷ್ಟು ಉಳ್ಳವರು, ಇಲ್ಲವೆ ಕುರ್ಚಿಯಿಂದಲೇ ಅದನ್ನು ಮರಳಿ ಗಳಿಸಬೇಕೆಂದು ಮೊದಲೇ ಲೆಕ್ಕ ಹಾಕಿದವರು.

ಎರಡನೆಯ ಆಕ್ಷೇಪವು, ಊರಿನ ಹಣವು ದೀಪಕ್ಕೆ, ನೀರಿಗೆ, ಗಟಾರಕ್ಕೆ ಬಂದ ಹಣ. ಅದು ವಕೀಲರ ಮನೆಗೆ ಹೋಗುವದು ಅನ್ಯಾಯ ಎಂಬದು. ಮಾತು ನಿಜ. ಬೇಸಿಗೆಯಲ್ಲಿ ಟ್ಯಾಂಕರಿನ ನೀರಿಗೆ ಕೊಡದೊಡನೆ ಕಾಯುವ ಊರಿನಲ್ಲಿ ಖಟ್ಲೆಯ ಖರ್ಚು ಕಣ್ಣು ಕುಕ್ಕುವದು ಸಹಜ. ಆದರೆ ಸ್ಮಶಾನದ ದಾರಿಯು ಬೇಕಾದರೆ ಅದರ ಬೆಲೆಯಲ್ಲಿ ಕಲ್ಲುಮಣ್ಣಿನ ಖರ್ಚಿನೊಡನೆ ವಿರೋಧದ ಖರ್ಚೂ ಸೇರಿರುತ್ತದೆ. ಒಂದನ್ನು ಊರು ಕೊಟ್ಟು ಇನ್ನೊಂದನ್ನು ಒಬ್ಬಳಿಂದ ಕೊಡಿಸಿದರೆ, ಊರು ಅರ್ಧ ಬೆಲೆಗೆ ದಾರಿಯನ್ನು ಪಡೆದಂತಾಯಿತು. ಉಳಿದರ್ಧವನ್ನು ಕೊಟ್ಟವಳು ಊರಲ್ಲಿಯೇ ಬಡವಳಾದಳು. ಇದು ಮಿತವ್ಯಯವಲ್ಲ, ಋಣವನ್ನು ಮರೆಯುವದು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಬಲವಾದುದು. ಊರಿನ ದುಡ್ಡನ್ನು ತಿಂದವನು ಸಿಕ್ಕಿಬಿದ್ದಾಗ ಅವನ ವಕೀಲರಿಗೂ ಊರೇ ದುಡ್ಡು ಕೊಡಬೇಕೆ? ಕಳುವಾದ ಮನೆಯವನು ಕಳ್ಳನ ಬುತ್ತಿಯನ್ನೂ ಕಟ್ಟಿಕೊಡಬೇಕೆ? ಕೇಳಿದೊಡನೆಯೆ ಮನಸ್ಸು ಇಲ್ಲವೆನ್ನುತ್ತದೆ. ಆದರೆ ಇಲ್ಲಿ ಒಂದು ಗಂಟು ಇದೆ. ಕಳ್ಳನಾರು ಎಂಬದು ಖಟ್ಲೆಯ ಕೊನೆಯಲ್ಲಿ ತಿಳಿಯುತ್ತದೆ. ವಕೀಲರ ಫೀಯನ್ನು ಖಟ್ಲೆಯ ಮೊದಲಲ್ಲಿ ಕೊಡಬೇಕಾಗುತ್ತದೆ. ಕೊನೆಯವರೆಗೆ ಕಾಯೋಣವೆಂದರೆ, ನಿರಪರಾಧಿಯು ಅಷ್ಟರಲ್ಲಿ ಮುಳುಗಿರುತ್ತಾನೆ. ಮೊದಲೇ ಕೊಡೋಣವೆಂದರೆ, ಅಪರಾಧಿಯೂ ಪಡೆದುಕೊಳ್ಳುತ್ತಾನೆ. ಆದುದರಿಂದ ಆರಂಭದಲ್ಲಿ ಕೇಳಬೇಕಾದ ಪ್ರಶ್ನೆಯು ಇವನು ತಪ್ಪಿತಸ್ಥನೆ ಎಂಬದಲ್ಲ, ಅದು ನ್ಯಾಯಾಧೀಶರದು. ದೂರಿನಲ್ಲಿ ಹೇಳಿದ ಕಾರ್ಯವು ಊರಿನ ಕಾರ್ಯವೆ, ಅದಕ್ಕೆ ಠರಾವು ಇದೆಯೆ, ಅದು ಪದವಿಯ ಕರ್ತವ್ಯದೊಳಗಿನದೆ ಎಂಬದಷ್ಟೇ ನಮ್ಮ ಪ್ರಶ್ನೆ. ಇದಕ್ಕೆ ಉತ್ತರವನ್ನು ಕಾಗದಗಳನ್ನು ನೋಡಿಯೇ ಹೇಳಬಹುದು. ದೂರು ಕೊಟ್ಟವನು ತನ್ನ ಬರವಣಿಗೆಯಲ್ಲಿ ಲಂಚ ಎಂಬ ಮಾತನ್ನು ಸೇರಿಸಿದ ಮಾತ್ರಕ್ಕೆ ಊರು ಕೈಬಿಡಬಾರದು. ಠರಾವಿನ ಪುಸ್ತಕದಲ್ಲಿ ಕಾರ್ಯದ ಸುಳಿವೇ ಇಲ್ಲದಿದ್ದರೆ ಊರು ಕೈಹಿಡಿಯಲೂ ಬಾರದು. ಕೊಟ್ಟ ಹಣವು ಮುಚ್ಚಳಿಕೆಯ ಮೇಲೆ ಕೊಟ್ಟ ಮುಂಗಡವಾಗಿರಬೇಕು; ಅಪರಾಧವು ಸಿದ್ಧವಾದರೆ ಅದು ಭೂಕಂದಾಯದ ಬಾಕಿಯಂತೆ ವಸೂಲಾಗಬೇಕು.

ನಾಲ್ಕನೆಯದು, ಸದಸ್ಯರು ಒಬ್ಬರ ಖರ್ಚನ್ನು ಒಬ್ಬರು ಮಂಜೂರು ಮಾಡಿಕೊಳ್ಳುವರು, ಇಂದು ನನಗೆ ನಾಳೆ ನಿನಗೆ ಎಂಬ ವ್ಯಾಪಾರವು ಬೆಳೆಯುವದು ಎಂಬ ಭಯ. ಈ ಭಯವು ಸುಳ್ಳಲ್ಲ. ಅದರಿಂದಲೇ ನಿರ್ಣಯವನ್ನು ಸದಸ್ಯರ ಕೈಯಲ್ಲಿ ಬಿಡಬಾರದು. ಆದರೆ ಸರಕಾರದ ಕೈಯಲ್ಲಿಯೂ ಬಿಡಬಾರದು. ಈ ಎರಡನೆಯ ಮಾತನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ.

ಸ್ಥಾನಿಕ ಪ್ರತಿನಿಧಿಯ ಎದುರಾಳಿಯು ಅನೇಕ ಸಲ ನೆರೆಹೊಲದವನಲ್ಲ, ಮೇಲಿನ ಅಧಿಕಾರಿಯೇ ಆಗಿರುತ್ತಾನೆ. 2024ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದ ಎರಡು ಖಟ್ಲೆಗಳನ್ನು ನೋಡಿರಿ. ಮಹಾರಾಷ್ಟ್ರದ ಜಳಗಾವ ಜಿಲ್ಲೆಯ ವಿಚಖೇಡಾ ಗ್ರಾಮದ ಮಹಿಳಾ ಸರಪಂಚರನ್ನು, ಅವರು ಸರಕಾರಿ ಜಾಗದಲ್ಲಿಯ ಅತ್ತೆಯ ಮನೆಯಲ್ಲಿ ವಾಸಿಸುತ್ತಾರೆಂಬ ದೂರಿನ ಮೇಲೆ ಅನರ್ಹಗೊಳಿಸಲಾಯಿತು. ತಾನು ಬೇರೆ ಬಾಡಿಗೆ ಮನೆಯಲ್ಲಿರುವೆನೆಂದು ಆಕೆಯು ಹೇಳಿದುದನ್ನು ಕೆಳಗಿನ ಯಾರೂ ಸರಿಯಾಗಿ ವಿಚಾರಿಸಲಿಲ್ಲ. ಜಿಲ್ಲಾಧಿಕಾರಿ, ವಿಭಾಗಾಧಿಕಾರಿ, ಉಚ್ಚ ನ್ಯಾಯಾಲಯ ಇವುಗಳನ್ನು ದಾಟಿ ದಿಲ್ಲಿಯನ್ನು ಮುಟ್ಟಿದ ಮೇಲೆಯೇ ಆಕೆಗೆ ಸ್ಥಾನವು ಮರಳಿತು. ಛತ್ತೀಸಗಡದ ಜಶಪುರ ಜಿಲ್ಲೆಯ ಸಾಜಬಹಾರ ಗ್ರಾಮದ ತರುಣ ಮಹಿಳಾ ಸರಪಂಚರನ್ನು ಕಟ್ಟಡದ ಕೆಲಸಗಳು ತಡವಾದುವೆಂಬ ನೆವದಿಂದ ತೆಗೆದುಹಾಕಲಾಗಿತ್ತು. ಅದು ನಿಲ್ಲತಕ್ಕ ಕಾರಣವಲ್ಲವೆಂದು ಹೇಳಿ, ಆಕೆಯನ್ನು ಮತ್ತೆ ಸ್ಥಾನದಲ್ಲಿ ಕೂಡಿಸಿ, ರಾಜ್ಯ ಸರಕಾರವು ಆಕೆಗೆ 1 ಲಕ್ಷ ರೂಪಾಯಿ ಕೊಡಬೇಕೆಂದೂ, ಬೇಕಾದರೆ ಅದನ್ನು ತಪ್ಪಿತಸ್ಥ ಅಧಿಕಾರಿಗಳಿಂದ ವಸೂಲು ಮಾಡಿಕೊಳ್ಳಬಹುದೆಂದೂ ನ್ಯಾಯಾಲಯವು ತೀರ್ಪಿತ್ತಿತು. ಈ ಎರಡರಲ್ಲಿಯೂ ಒಂದು ಪಕ್ಷದ ವಕೀಲರಿಗೆ ರಾಜ್ಯದ ಬೊಕ್ಕಸವು. ಇನ್ನೊಂದು ಪಕ್ಷಕ್ಕೆ ತನ್ನ ಸೆರಗಿನ ಗಂಟು. ದಿಲ್ಲಿಯವರೆಗೆ ಹೋಗಲಾರದೆ ಕೆಳಗಿನ ಮೆಟ್ಟಲಲ್ಲಿಯೇ ಕೈಚೆಲ್ಲಿ ಕುಳಿತವರ ಹೆಸರು ಯಾವ ತೀರ್ಪಿನಲ್ಲಿಯೂ ಬರುವದಿಲ್ಲ.

ಸಿದ್ಧಾಂತವನ್ನು ನಮಗೆ ಪ್ರಿಯರಾದವರ ಮೇಲೆ ಪರೀಕ್ಷಿಸುವದು ಸುಲಭ. ಅಪ್ರಿಯರ ಮೇಲೆ ಪರೀಕ್ಷಿಸಿದರೆ ಅದರ ಗಟ್ಟಿತನವು ತಿಳಿಯುತ್ತದೆ. ನಮ್ಮ ಜಿಲ್ಲೆಯ ಮುಖ್ಯಸ್ಥಳದಲ್ಲಿಯೇ ಅಂಥ ಪರೀಕ್ಷೆಯು ಒದಗಿದೆ. ಬೆಳಗಾವಿ ಮಹಾನಗರಪಾಲಿಕೆಯನ್ನು ರಾಜ್ಯ ಸರಕಾರವು 2005ರಲ್ಲಿ ಒಮ್ಮೆ, 2011ರಲ್ಲಿ ಮತ್ತೊಮ್ಮೆ ವಿಸರ್ಜಿಸಿತು. ಮೊದಲಿನ ಸಲ ಗಡಿಪ್ರದೇಶವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂಬ ಠರಾವು ಕಾರಣ; ಎರಡನೆಯ ಸಲ ನವಂಬರ 1ರ ಕರಾಳದಿನದ ಆಚರಣೆಯಲ್ಲಿ ಮಹಾಪೌರರು ಪಾಲುಗೊಂಡುದು ಕಾರಣ. ಕನ್ನಡಿಗನಾದ ನನಗೆ ಆ ಠರಾವೂ ಆ ಆಚರಣೆಯೂ ಸಮಾನವಾಗಿ ಕಹಿಯಾದವುಗಳೇ. ಆದರೆ ನಮ್ಮ ಪ್ರಶ್ನೆಯ ದೃಷ್ಟಿಯಿಂದ ಅವೆರಡೂ ಒಂದೇ ಅಲ್ಲ. ಠರಾವು ಸಭಾಗೃಹದಲ್ಲಿ, ಆರಿಸಿಬಂದವರು ಕೂಡಿ, ಮತ ಎಣಿಸಿ ಮಾಡಿದ ಕಾರ್ಯ. ಅದು ತಪ್ಪು ಠರಾವಾಗಿರಬಹುದು. ಸಂಸ್ಥೆಯ ಅಧಿಕಾರವನ್ನು ಮೀರಿದುದೂ ಆಗಿರಬಹುದು. ಅದನ್ನು ನ್ಯಾಯಾಲಯವು ಹೇಳಲಿ. ಹಾಗೆ ಹೇಳುವಾಗ ಎರಡೂ ಪಕ್ಷಗಳಿಗೆ ವಕೀಲರಿರುವದು ನ್ಯಾಯ. ಬೀದಿಯಲ್ಲಿಯ ಮೆರವಣಿಗೆಯಾದರೋ ಒಬ್ಬನು ತನ್ನ ಕಾಲಿನಿಂದ ನಡೆದು ಹೋದುದು. ಅದಕ್ಕೆ ಊರಿನ ಠರಾವಿಲ್ಲ. ಆದುದರಿಂದ ಊರಿನ ದುಡ್ಡೂ ಇಲ್ಲ. ವಿಸರ್ಜನೆಯಾದ ಕೂಡಲೆ ಸಂಸ್ಥೆಯ ನಿಧಿಯ ಬೀಗದ ಕೈಯು ಸರಕಾರವು ನೇಮಿಸಿದ ಆಡಳಿತಾಧಿಕಾರಿಯ ಕೈಗೆ ಹೋಗುತ್ತದೆಂಬದನ್ನೂ ನೆನೆಯಬೇಕು. ಎದುರಾಳಿಯನ್ನೇ ಕೇಳಿ ಹಣ ಪಡೆಯಬೇಕಾದವನು ಯಾವ ಹಣವನ್ನು ಪಡೆದಾನು? ಇದೇ ಗಡಿಯ ವಿಷಯದಲ್ಲಿ ಮಹಾರಾಷ್ಟ್ರ ಸರಕಾರವು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಎರಡೂ ರಾಜ್ಯಗಳ ವಕೀಲರಿಗೆ ಎರಡೂ ಬೊಕ್ಕಸಗಳಿಂದ ಹಣವು ಹೋಗಿದೆ. ಮುಖ್ಯಮಂತ್ರಿಗಳು ಅದನ್ನು ತಮ್ಮ ಸ್ವಂತದಿಂದ ಕೊಡಬೇಕೆಂದು ಯಾರೂ ಅಂದಿಲ್ಲ. ದೊಡ್ಡ ರಾಜ್ಯಕ್ಕೆ ಸಹಜವಾದ ನ್ಯಾಯವು ಸಣ್ಣ ಊರಿಗೆ ಬಂದಾಗ ಉಪಕಾರವಾಗಿ ತೋರುವದು ಆಶ್ಚರ್ಯ.

ಈಗಿರುವ ಕಾಯದೆಯಲ್ಲಿ ಇವರಿಗೆ ಆಸರೆಯೇ ಇಲ್ಲವೆಂದು ಹೇಳಲಾಗದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವು 1995ರ ನವಂಬರ 9ರಂದು ಜಾರಿಗೆ ಬಂದಿತು. ಅದರ 12ನೆಯ ಕಲಮಿನ ಪ್ರಕಾರ ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಅಂಗವಿಕಲರಿಗೂ ಅವರ ಆದಾಯವೆಷ್ಟೆಂದು ಕೇಳದೆ ಉಚಿತ ಕಾನೂನು ನೆರವು ಸಲ್ಲತಕ್ಕದ್ದು. ಪ್ರಕರಣದಲ್ಲಿ ಮೇಲ್ನೋಟಕ್ಕೆ ಹುರುಳಿದೆಯೆಂದು ಪ್ರಾಧಿಕಾರಕ್ಕೆ ಮನವರಿಕೆಯಾದರೆ ಸಾಕು. ಅಂದ ಮೇಲೆ ಪಂಚಾಯತಿಗಳಲ್ಲಿ ಆರಿಸಿಬರುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಈ ಹಕ್ಕು ಹುಟ್ಟಿನಿಂದಲೇ ಇರುವದು. ತಾಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಬರೆದರೆ ವಕೀಲರು ದೊರೆಯಬಲ್ಲರು. ಈ ಸಂಗತಿಯನ್ನು ಬಲ್ಲ ಸುಶಿಕ್ಷಿತ ಮನೆಗಳವರು ತಮ್ಮ ಊರಿನ ಸದಸ್ಯೆಯರಿಗೆ ಹೇಳಿದರೆ ಅದೇ ಒಂದು ಲೋಕಸೇವೆ. ಆದರೂ ಇದರಿಂದ ನಮ್ಮ ಪ್ರಶ್ನೆಯು ತೀರುವದಿಲ್ಲ. ಈ ನೆರವು ಆಕೆಗೆ ಸ್ತ್ರೀಯೆಂದು ದೊರೆಯುವದೇ ಹೊರತು ಊರಿನ ಅಧ್ಯಕ್ಷೆಯೆಂದಲ್ಲ. ಆಕೆಯ ಸ್ಥಾನದಲ್ಲಿ ಆದಾಯದ ಮಿತಿಯನ್ನು ನಾಲ್ಕು ಕಾಸು ದಾಟಿದ ಒಬ್ಬ ಹಿಂದುಳಿದ ಜಾತಿಯ ಪುರುಷನಿದ್ದರೆ ಅವನಿಗೆ ಏನೂ ಇಲ್ಲ. ದೀನರಿಗೆ ಸಲ್ಲುವ ದಯೆಯು ಬೇರೆ, ಊರು ತೀರಿಸಬೇಕಾದ ಋಣವು ಬೇರೆ.

ಹಾಗಾದರೆ ಮಾಡತಕ್ಕದ್ದೇನು? ನನ್ನ ಸೂಚನೆಗಳು ಸರಳವಾದವು. ಠರಾವಿನ ಮೇರೆಗೆ, ಪದವಿಯ ಕರ್ತವ್ಯದೊಳಗೆ ಮಾಡಿದ ಕಾರ್ಯದಿಂದ ಹುಟ್ಟಿದ ಖಟ್ಲೆಗೆ ಮಾತ್ರ ಸಾರ್ವಜನಿಕ ನೆರವು ಇರಲಿ. ಚುನಾವಣೆಯ ತಕರಾರು, ಜಾತಿಯ ಪ್ರಮಾಣಪತ್ರ, ಸ್ವಂತ ಮನೆಯ ಅತಿಕ್ರಮಣ ಇವು ಸ್ಥಾನವನ್ನು ಪಡೆಯುವ ಅಥವಾ ಉಳಿಸಿಕೊಳ್ಳುವ ಸ್ವಂತ ವ್ಯಾಜ್ಯಗಳು. ಇವುಗಳ ಖರ್ಚನ್ನು ಅವರವರೇ ಹೊರಲಿ, ಆದರೆ ಸುಳ್ಳು ದೂರೆಂದು ಸಿದ್ಧವಾದರೆ ದೂರು ಕೊಟ್ಟವರಿಂದ ಖರ್ಚು ಕೊಡಿಸಲಿ. ಸುಳ್ಳು ಅಭಿಯೋಗ ಮಾಡಿದವನು ಕೇಳಿದುದರ ಎರಡು ಪಟ್ಟು ತೆರಬೇಕೆಂದು ಯಾಜ್ಞವಲ್ಕ್ಯನು ಹೇಳಿರುವದು ಸುಮ್ಮನೆ ಅಲ್ಲ. ನೆರವು ಉತ್ತರ ಕೊಡುವದಕ್ಕೇ ಹೊರತು, ಟೀಕಿಸಿದವರ ಮೇಲೆ ಮಾನನಷ್ಟದ ದಾವೆ ಹೂಡುವದಕ್ಕಲ್ಲ. ನಿರ್ಣಯವು ನ್ಯಾಯಾಧೀಶರೇ ಅಧ್ಯಕ್ಷರಾಗಿರುವ ಕಾನೂನು ಸೇವಾ ಸಮಿತಿಯದಾಗಿರಲಿ. ಅದರ ಯಾದಿಯಲ್ಲಿಯ ವಕೀಲರೇ ನಡೆಯಿಸಲಿ. ಫೀಯು ಅದರ ದರದಂತೆ ಇರಲಿ. ಹಣವು ಒಂದೊಂದೇ ಪಂಚಾಯತಿಯ ಬಡ ನಿಧಿಯಿಂದ ಬಾರದೆ, ಎಲ್ಲ ಸ್ಥಾನಿಕ ಸಂಸ್ಥೆಗಳೂ ಸ್ವಲ್ಪ ಸ್ವಲ್ಪ ಕೂಡಿಸಿದ ಜಿಲ್ಲೆಯ ಗಂಟಿನಿಂದ ಬರಲಿ. ಪಡೆದವರು ಮುಚ್ಚಳಿಕೆ ಬರೆದುಕೊಡಲಿ. ಕೊಟ್ಟ ಹಣದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಲಿ. ದಂಡವನ್ನು ಮಾತ್ರ ಯಾವ ಕಾಲಕ್ಕೂ ಊರು ಕೊಡಕೂಡದು.

ಸಂಶಯದ ಲಾಭದ ಮೇಲೆ ಬಿಡುಗಡೆಯಾದವನ ಗತಿಯೇನೆಂದು ಕೆಲವರು ಕೇಳುವರು. ಅವನು ಶುದ್ಧನೆಂದು ಊರಿನ ಮನಸ್ಸಿಗೆ ಅನಿಸದಿರಬಹುದು. ಆದರೆ ಕಾಯದೆಯು ಬಿಟ್ಟವನನ್ನು ಲೆಕ್ಕದ ಪುಸ್ತಕದಲ್ಲಿ ಹಿಡಿಯುವದು ತರವಲ್ಲ. ಊರಿಗೆ ಸಂಶಯವಿದ್ದರೆ ಮುಂದಿನ ಚುನಾವಣೆಯಲ್ಲಿ ಮತ ಕೊಡದಿರಲಿ. ಆ ಶಿಕ್ಷೆಯು ಊರಿನ ಕೈಯಲ್ಲಿಯೇ ಇದೆ, ಅದಕ್ಕೆ ಯಾವ ವಕೀಲರೂ ಅಡ್ಡ ಬರಲಾರರು.

ಕೊನೆಗೆ ಒಂದು ಮಾತು. ಊರು ಖಟ್ಲೆಯ ಖರ್ಚನ್ನು ಕೊಡದಿದ್ದರೆ ಆ ಖರ್ಚು ಇಲ್ಲವಾಗುವದಿಲ್ಲ. ಬೇರೆ ಯಾರೋ ಕೊಡುತ್ತಾರೆ. ಗುತ್ತಿಗೆದಾರನು ಕೊಡುತ್ತಾನೆ, ಪಕ್ಷದ ಧುರೀಣನು ಕೊಡುತ್ತಾನೆ, ಕಬ್ಬಿನ ದೊಡ್ಡ ಒಡೆಯನು ಕೊಡುತ್ತಾನೆ. ನಾನು ಶಾಲೆಯಲ್ಲಿ ಮಾಸ್ತರನಾಗಿದ್ದಾಗ ನೋಟೀಸು ಓದಿಸಿಕೊಳ್ಳಲು ಬರುತ್ತಿದ್ದ ಸದಸ್ಯರು ಒಕ್ಕಣೆಯ ಅರ್ಥವನ್ನು ಕೇಳಿದ ಮೇಲೆ ಕೇಳುತ್ತಿದ್ದ ಎರಡನೆಯ ಪ್ರಶ್ನೆಯು, ಈಗ ಯಾರ ಕಾಲು ಹಿಡಿಯಬೇಕು ಎಂಬದೇ ಆಗಿರುತ್ತಿತ್ತು. ಯಾರ ಕಾಲು ಹಿಡಿದು ಖಟ್ಲೆಯಿಂದ ಪಾರಾದರೋ ಅವರ ಕಾಗದಕ್ಕೆ ಮರುದಿನ ಸಹಿ ಮಾಡದಿರುವದಕ್ಕೆ ಆಗುವದಿಲ್ಲ. ವಕೀಲರ ಫೀಯನ್ನು ಕೊಟ್ಟವನೇ ಅಧ್ಯಕ್ಷರ ಲೇಖಣಿಯ ಒಡೆಯನು. ಆ ಲೇಖಣಿಯು ಊರಿನದಾಗಿ ಉಳಿಯಬೇಕೆಂದು ನಮಗೆ ನಿಜವಾಗಿಯೂ ಇಚ್ಛೆಯಿದ್ದರೆ, ಅದರ ಬೆಲೆಯನ್ನು ಊರೇ ಕೊಡತಕ್ಕದ್ದು. ಕೊಟ್ಟು, ಲೆಕ್ಕ ಕೇಳತಕ್ಕದ್ದು. ಕೊಡದೆ ಲೆಕ್ಕ ಕೇಳುವ ಅಧಿಕಾರವು ನಮಗೆ ಎಷ್ಟು ಮಟ್ಟಿಗೆ ಉಂಟೆಂಬದನ್ನು ಮಾನ್ಯ ವಾಚಕರು ಶಾಂತಚಿತ್ತದಿಂದ ವಿಚಾರಿಸಬೇಕೆಂದು ಪ್ರಾರ್ಥನೆ.